ಬಿತ್ತಿದವರು ಕಾಣದ ಸುಗ್ಗಿ

ಮಾಘಮಾಸದಲ್ಲಿ ಲಿಂಗಸುಗೂರಿನಿಂದ ಮಸ್ಕಿಯ ಹಾದಿಯಾಗಿ ಸಿಂಧನೂರಿಗೆ ಹೋಗುವವರ ಕಣ್ಣಿಗೆ ಎರಡು ಬಗೆಯ ಬೇಸಾಯ ಬೀಳುತ್ತದೆ. ಸಿಂಧನೂರಿನ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು. ಕಾಲುವೆ ಮುಟ್ಟದ ಎರೆಹೊಲಗಳಲ್ಲಿ ತೆನೆ ಬಾಗಿದ ಹಿಂಗಾರಿ ಜೋಳ. ಬಿತ್ತುವಾಗ ನೆಲದಲ್ಲಿದ್ದ ಹಸಿ, ಮೇಲೆ ಬೀಳುವ ಇಬ್ಬನಿ, ಇವೇ ಆ ಜೋಳದ ಬಂಡವಾಳ. ರೈತ ಎಡೆ ಹೊಡೆಯಬಹುದು, ಹಕ್ಕಿ ಕಾಯಬಹುದು. ತೆನೆಯನ್ನು ಜಗ್ಗಿ ಬೆಳೆಸಲಾರ.

ಯೇಸುವಿನ ಸಾಮತಿಯೊಂದರ ತಿರುಳೂ ಇದೇ. ಬಿತ್ತಿದವನು ಮಲಗಿ ಏಳುತ್ತಿರುವಾಗ ಬೀಜವು ಅವನಿಗರಿಯದಂತೆ ಬೆಳೆಯುತ್ತದೆ. ಕ್ರೈಸ್ತ ಧರ್ಮಪ್ರಚಾರಕರಿಗೆ ಸುಗ್ಗಿಯ ಮಾತು ಪ್ರಿಯವಾದದ್ದು ಇದರಿಂದಲೇ. ಆದರೆ ಅವರು ಸುಗ್ಗಿಯಿಂದ ಕಲಿಯಬೇಕಾದುದು ಕೊಯ್ಲನ್ನೋ, ಕಾಯುವುದನ್ನೋ? ಈ ಸೀಮೆಯ ಇತಿಹಾಸವನ್ನೇ ಕೇಳೋಣ.

ಕ್ರೈಸ್ತ ಧರ್ಮ ಹುಟ್ಟುವುದಕ್ಕೂ ಮೊದಲೇ ಇಲ್ಲಿ ಧರ್ಮವನ್ನು ಬಿತ್ತಿದವನು ಅಶೋಕ. 1915ರಲ್ಲಿ ಚಿನ್ನದ ಗಣಿಗಾರಿಕೆಯ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯ ಮೇಲೆ ಅವನ ಶಾಸನವನ್ನು ಕಂಡರು. 'ದೇವಾನಾಂಪ್ರಿಯ'ನೆಂದರೆ ಅಶೋಕನೇ ಎಂಬುದಕ್ಕೆ ಅಲ್ಲಿ ಅವನ ಹೆಸರೇ ಸಾಕ್ಷಿಯಾಯಿತು. ಧರ್ಮ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದಕ್ಕುತ್ತದೆ. ಹೀಗೆ ನಡೆದರೆ ಅದು ಬಹುಕಾಲ ಬಾಳಿ ಒಂದೂವರೆ ಪಟ್ಟು ಬೆಳೆಯುತ್ತದೆ ಎಂದು ಶಾಸನ ಸಾರುತ್ತದೆ. ಚಕ್ರವರ್ತಿಯಾದವನು ನೂರುಪಟ್ಟು ಎನ್ನಲಿಲ್ಲ, ಒಂದೂವರೆ ಎಂದ! ಎರೆಹೊಲದ ರೈತ ಒಪ್ಪುವ ಲೆಕ್ಕವಿದು.

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿಗೆ ಬನ್ನಿ. ಕೋಟೆಗೂ ಮೊಹರಮ್ಮಿಗೂ ಹೆಸರಾದ ಈ ಊರಿನಲ್ಲಿ ಹಳೆಯದೊಂದು ಕ್ಯಾಥೊಲಿಕ್ ಸಮುದಾಯವಿದೆ. ಬಿಜಾಪುರದ ಆದಿಲ್‌ಶಾಹಿ ಅರಸರ ಕಾಲದಲ್ಲಿ ಗೋವೆಯಿಂದ ಬಂದ ಜೆಸ್ಯೂಟ್ ಪಾದ್ರಿಗಳು ಬಿತ್ತಿದ ಬೀಜವದು. ಮುಸಲ್ಮಾನ ಸುಲ್ತಾನ ಕ್ರೈಸ್ತರಿಗೆ ಇನಾಮು ಭೂಮಿ ಕೊಟ್ಟದ್ದು ನೆನೆಯತಕ್ಕ ಸಂಗತಿ. 1686ರಲ್ಲಿ ಬಿಜಾಪುರ ಬಿತ್ತು. 1759ರಲ್ಲಿ ಪೋರ್ತುಗಲ್ ತನ್ನ ಸೀಮೆಗಳಿಂದ ಜೆಸ್ಯೂಟರನ್ನು ಹೊರದೂಡಿತು. 1773ರಲ್ಲಿ ಪೋಪರೇ ಆ ಸಂಘವನ್ನು ವಿಸರ್ಜಿಸಿದರು. ಆಶ್ರಯ ಕೊಟ್ಟ ಅರಸೊತ್ತಿಗೆಯೂ ಇಲ್ಲ, ಬಿತ್ತಿದ ಸಂಘವೂ ಇಲ್ಲ. ಬೆಳೆ ಮಾತ್ರ ಉಳಿಯಿತು. ನೆಲದ ಹಸಿಯನ್ನೇ ಹೀರಿ ನಿಲ್ಲುವ ಹಿಂಗಾರಿ ಜೋಳದಂತೆ ಅದು ಇಲ್ಲಿಯದೇ ಆಗಿಬಿಟ್ಟಿತ್ತು.

ಅವಸರದ ಪಾಠವೂ ಸಮೀಪದಲ್ಲೇ ಇದೆ. 1834ರಲ್ಲಿ ಮಂಗಳೂರಿಗಿಳಿದ ಬಾಸೆಲ್ ಮಿಶನ್ನಿನವರು 1841ರಲ್ಲಿ ಗದಗಿನ ಬಳಿಯ ಮಲ್ಲಸಮುದ್ರದಲ್ಲಿ ಒಕ್ಕಲುತನದ ನೆಲೆಯೊಂದನ್ನು ಹೂಡಿದರು. ಹೊಲವಿದ್ದರೆ ಹೊಸ ಸಭೆ ಅಲ್ಲಿ ನೆಲೆಯೂರೀತೆಂಬ ಆಸೆ. ಬಯಸಿದಷ್ಟು ಜನ ಕೂಡಲಿಲ್ಲ. ಅದೇ ಮಿಶನ್ನಿನ ಕಿಟ್ಟೆಲ್ 1853ರಲ್ಲಿ ಬಂದು ಕನ್ನಡದ ಮಾತುಗಳನ್ನು ಒಂದೊಂದಾಗಿ ಆಯುತ್ತ ಕುಳಿತರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ. ನಲವತ್ತು ವರ್ಷ ದಾಟಿದ ಆ ಬೆಳೆಯನ್ನು ಇಂದಿಗೂ ಉಣ್ಣುತ್ತಿರುವವರು ಯಾವೊಂದು ಮತದವರೂ ಅಲ್ಲ, ಸಮಸ್ತ ಕನ್ನಡಿಗರು.

ಮತಪ್ರಚಾರವೆಂದರೆ ಇಂದು ಒಂದು ಕಡೆ ಸಂಶಯ, ಇನ್ನೊಂದು ಕಡೆ ತಲೆಯೆಣಿಕೆಯ ಆತುರ. ಪಕ್ಕದ ಹೊಲದ ತೆನೆ ಮುರಿದು ತಂದರೆ ಅದು ಸುಗ್ಗಿಯಲ್ಲ. ಬಿತ್ತುವವನನ್ನೇ ಕಳ್ಳನೆನ್ನುವುದೂ ನ್ಯಾಯವಲ್ಲ. ನಮ್ಮ ಹಳ್ಳಿಗಳಲ್ಲಿ ರಾಶಿ ಮನೆಗೆ ಸಾಗುವ ಮುನ್ನ ಕಣಕ್ಕೆ ಬಂದ ಆಯಗಾರರಿಗೂ ಬಡವರಿಗೂ ಮೊರ ತುಂಬಿ ಕೊಡುವ ಹಳೆಯ ರೂಢಿಯೊಂದಿತ್ತು. ನನಗೆಷ್ಟು ಸಿಕ್ಕಿತೆಂದು ಅಳೆಯುವ ಮೊದಲು ಊರಿಗೆಷ್ಟು ಸಂದಿತೆಂದು ನೋಡುವ ಧರ್ಮವದು. ಅದನ್ನು ಕಲಿತ ಪ್ರಚಾರಕನಿಗೆ ತನ್ನ ಸುಗ್ಗಿಯನ್ನು ತಾನು ಕಾಣದೆ ಹೋದೆನೆಂಬ ಕೊರಗು ಉಳಿಯಲಾರದು.