ತುಟಿ, ನಾಲಿಗೆ, ಮೂರು ಬೆರಳು

ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನಲ್ಲಿ ಟ್ರಂಪೆಟ್ ಊದುವವರನ್ನು ನೀವು ನೋಡಿರುತ್ತೀರಿ. ಆ ವಾದ್ಯಕ್ಕಿರುವುದು ಮೂರೇ ಗುಂಡಿ. ಇನ್ನೂರು ವರ್ಷಗಳ ಹಿಂದಿನ ಸಾಮಾನ್ಯ ಟ್ರಂಪೆಟ್ಟಿಗೆ ಅವೂ ಇರಲಿಲ್ಲ. ತುಟಿಯ ಬಿಗಿಯಿಂದ ಹೊರಟಷ್ಟೇ ಸ್ವರ. 1818ರಲ್ಲಿ ಬರ್ಲಿನ್ನಿನಲ್ಲಿ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರು ವಾಲ್ವಿಗೆ ಪೇಟೆಂಟ್ ಪಡೆದರು. ಗುಂಡಿ ಒತ್ತಿದರೆ ಗಾಳಿ ಇನ್ನೊಂದು ತುಂಡು ಕೊಳವೆಯನ್ನು ಬಳಸಿ ಬರುತ್ತದೆ, ಸ್ವರ ಇಳಿಯುತ್ತದೆ. ಎಲ್ಲ ಸ್ವರಗಳೂ ಕೈಗೆ ಸಿಕ್ಕವು. ಕಷ್ಟವೂ ಆಗಲೇ ಶುರುವಾಯಿತು: ತುಟಿ, ನಾಲಿಗೆ, ಬೆರಳು ಮೂರೂ ಒಂದೇ ಕ್ಷಣಕ್ಕೆ ಕೂಡಬೇಕು.

ಈ ಗಂಟನ್ನು ಬಿಡಿಸಿದವರಲ್ಲಿ ಮುಖ್ಯರು ಫ್ರಾನ್ಸಿನ ಲಿಯೋನ್ ನಗರದಲ್ಲಿ ಹುಟ್ಟಿದ ಅರ್ಬಾನ್ (1825–1889). ಅವರ ವಾದ್ಯ ಟ್ರಂಪೆಟ್ಟಿನ ತಂಗಿಯಂತಿರುವ ಕಾರ್ನೆಟ್. 1848ರಲ್ಲಿ, ಬೋಮ್ ಎಂಬವರು ಕೊಳಲಿಗೆಂದೇ ರಚಿಸಿದ್ದ ಕಠಿಣ ಕೃತಿಯೊಂದನ್ನು ಅದರಲ್ಲಿ ಊದಿ ತೋರಿಸಿದರು. ಕೊಳಲಿನವರ ಜೋಡಿ ನಾಲಿಗೆಯ ಪೆಟ್ಟನ್ನು ಕಾರ್ನೆಟ್ಟಿಗೆ ತಂದದ್ದು ಅವರ ಸಾಹಸ. ನಮ್ಮ ಕೊಳಲು ವಿದ್ವಾಂಸರ ತುತ್ತುಕಾರ ಕೇಳಿದವರಿಗೆ ಇದು ಹೊಸದೆನಿಸದು.

1864ರ ಅವರ ಬೃಹತ್ ಪಾಠಪುಸ್ತಕದಲ್ಲಿ ‘ತು-ತು-ಕು’ ಎಂಬ ಮೂರು ಪೆಟ್ಟಿನ ಪಾಠವಿದೆ. ಮೊದಲು ನಿಧಾನ, ಒಂದೊಂದು ಅಕ್ಷರವನ್ನೂ ತುಸು ಎಳೆದು, ಮೂರೂ ಸಮನಾಗುವಂತೆ ನುಡಿಯಬೇಕು. ಸಮನಾದ ಮೇಲೆಯೇ ಚುಟುಕು, ಆಮೇಲೆ ವೇಗ. ‘ಕು’ ಹುಟ್ಟುವುದು ನಾಲಿಗೆಯ ಬುಡದಲ್ಲಿ, ಅದು ಸೋಮಾರಿ. ಅವಸರ ಮಾಡಿದರೆ ಅದರ ಸೋಮಾರಿತನವೇ ಅಭ್ಯಾಸವಾಗಿ ಕೂರುತ್ತದೆ.

ಅಮೆರಿಕದ ಸೂಸಾ ಬ್ಯಾಂಡಿನಲ್ಲಿ ಕಾರ್ನೆಟ್ ನುಡಿಸಿ ಹೆಸರಾದ ಹರ್ಬರ್ಟ್ ಕ್ಲಾರ್ಕ್ 1912ರಲ್ಲಿ ಇನ್ನೊಂದು ದಾರಿ ತೋರಿದರು. ಕಷ್ಟದ ತುಣುಕನ್ನು ಅತಿ ಮೆಲ್ಲಗೆ, ಒಂದೇ ಉಸಿರಿನಲ್ಲಿ ಹಲವು ಸಲ ಊದಬೇಕು. ಇದರಲ್ಲಿ ದೇಹಶಾಸ್ತ್ರವೂ ಇದೆ. ಜೋರಾಗಿ ಊದುವವರು ವಾದ್ಯವನ್ನು ತುಟಿಗೆ ಒತ್ತುತ್ತಾರೆ. ಒತ್ತಿದಲ್ಲಿ ರಕ್ತ ಸರಿಯಾಗಿ ಹರಿಯದೆ ತುಟಿ ಮರಗಟ್ಟುತ್ತದೆ, ಅದುರುವುದಿಲ್ಲ. ಸ್ವರ ತಪ್ಪಿದಾಗ ನಾವು ಬೈಯುವುದು ಮಾತ್ರ ಬೆರಳನ್ನು!

ಒಮ್ಮೆ ನನ್ನ ಧ್ವನಿಮುದ್ರಣಕ್ಕೆ ಬಂದ ಯುವಕರೊಬ್ಬರು ನಾಲ್ಕೇ ಸ್ವರಗಳಲ್ಲಿ ಎಡವಿದರು. ಎಡವಿದಾಗಲೆಲ್ಲ ಮೊದಲಿನಿಂದ, ಇನ್ನೂ ಜೋರಾಗಿ. “ಇನ್ನೊಂದು ಸಲ ಸಾರ್” ಎಂದರೆ ನಾನೂ ತಲೆಯಾಡಿಸುತ್ತಿದ್ದೆ. ಆ ನಾಲ್ಕನ್ನು ಬಿಡಿಸಿಕೊಂಡು, ಊದದೆ ಬಾಯಲ್ಲಿ ಹೇಳಿ, ಬರಿಯ ಗುಂಡಿ ಒತ್ತಿ ನೋಡಿ ಎನ್ನಲು ಆಗ ನನಗೇ ತಿಳಿದಿರಲಿಲ್ಲ. ಎರಡು ಗಂಟೆಯ ಹೊತ್ತಿಗೆ ಅವರ ತುಟಿ ಊದಿಕೊಂಡಿತ್ತು. ಪ್ರಸಾರದಲ್ಲಿ ಆ ನಾಲ್ಕು ಸ್ವರಗಳಿರಲಿಲ್ಲ, ನಾನೇ ಕತ್ತರಿಸಿದ್ದೆ.