ದಂಡಿನ ಊರಿನಲ್ಲಿ ತಲೆಸುತ್ತು: ಪುಣೆ ಕ್ಯಾಂಪಿನ ವೈದ್ಯಚರಿತ್ರೆಯ ಒಂದು ಎಳೆ

ತಲೆಸುತ್ತು ಸ್ವತಃ ಒಂದು ರೋಗವಲ್ಲ, ಹಲವು ರೋಗಗಳ ಲಕ್ಷಣ. ನಿಂತ ನೆಲ, ಎದುರಿನ ಗೋಡೆ ಅಥವಾ ತನ್ನದೇ ದೇಹ ತಿರುಗುತ್ತಿದೆ ಎಂದು ರೋಗಿಗೆ ಅನಿಸುವ ಈ ಸ್ಥಿತಿಯನ್ನು ಬರಿಯ ನಿಶ್ಶಕ್ತಿಯಿಂದಾಗಲಿ, ಕಣ್ಣು ಕತ್ತಲೆ ಬರುವುದರಿಂದಾಗಲಿ ಬೇರ್ಪಡಿಸಿ ನೋಡಲು ವೈದ್ಯಶಾಸ್ತ್ರಕ್ಕೆ ಬಹುಕಾಲ ಹಿಡಿಯಿತು. ಭಾರತದಲ್ಲಿ ಈ ತಿಳಿವಳಿಕೆ ಬೆಳೆದುಬಂದ ಬಗೆಯನ್ನು ಒಂದೇ ಊರಿನಲ್ಲಿ ನಿಂತು ಗಮನಿಸಬೇಕೆಂದರೆ ಪುಣೆ ಕ್ಯಾಂಪ್ ತಕ್ಕ ಜಾಗ. ಪೇಟೆಯ ವೈದ್ಯರು, ಬ್ರಿಟಿಷ್ ಸೇನೆಯ ಡಾಕ್ಟರರು, ಯುದ್ಧದಲ್ಲಿ ಗಾಯಗೊಂಡವರ ಪುನರ್ವಸತಿ ಕೇಂದ್ರ, ಸ್ವತಂತ್ರ ಭಾರತದ ಸೇನಾ ವೈದ್ಯಕೀಯ ಕಾಲೇಜು ಮತ್ತು ದೇಶದ ಮೊದಲ ಆಂಟಿಬಯಾಟಿಕ್ ಕಾರ್ಖಾನೆ ಇವೆಲ್ಲವೂ ಇಲ್ಲಿ ಕೆಲವೇ ಮೈಲಿಗಳ ಅಂತರದಲ್ಲಿ ಸೇರಿಕೊಂಡಿವೆ.

1817ರ ನವೆಂಬರಿನಲ್ಲಿ ಖಡ್ಕಿಯ ಯುದ್ಧದಲ್ಲಿ ಪೇಶ್ವೆಯ ಸೇನೆ ಸೋತ ನಂತರ ಇಂಗ್ಲಿಷರು ಹಳೆಯ ಊರಿನ ಪೂರ್ವಕ್ಕೆ ತಮ್ಮ ದಂಡನ್ನು ನೆಲೆಗೊಳಿಸಿದರು. ಪುಣೆಯವರು ಲಷ್ಕರ್ ಎಂದು ಕರೆಯುತ್ತ ಬಂದ ಕ್ಯಾಂಪ್ ಹುಟ್ಟಿದ್ದು ಹೀಗೆ. ಸೈನಿಕರ ಬೆನ್ನಿಗೆ ಪಾರ್ಸಿ, ಬೋಹ್ರಾ, ಯಹೂದಿ ವ್ಯಾಪಾರಿಗಳೂ, ಗೋವೆಯ ಕ್ರೈಸ್ತರೂ, ತಮಿಳು ತೆಲುಗು ಮಾತಾಡುವ ಕುಟುಂಬಗಳೂ ಬಂದು ನೆಲೆಸಿದವು. ಇಲ್ಲಿನ ಓಹೆಲ್ ಡೇವಿಡ್ ಯಹೂದಿ ಪ್ರಾರ್ಥನಾಮಂದಿರವನ್ನು ಕಟ್ಟಿಸಿದ ಡೇವಿಡ್ ಸಸೂನನ ದಾನದಿಂದಲೇ 1867ರಲ್ಲಿ ಸಸೂನ್ ಆಸ್ಪತ್ರೆ ತೆರೆಯಿತು, 1878ರಲ್ಲಿ ಅದಕ್ಕೆ ಹೊಂದಿಕೊಂಡಂತೆ ವೈದ್ಯಕೀಯ ಶಾಲೆಯೊಂದು ಆರಂಭವಾಯಿತು.

ಈ ಆಸ್ಪತ್ರೆ ಬರುವ ಮೊದಲೂ, ಬಂದ ಮೇಲೂ, ಜನಸಾಮಾನ್ಯರ ಪಾಲಿಗೆ ತಲೆಸುತ್ತು ಎಂದರೆ ಪಿತ್ತದ ಕೆಲಸವೇ ಆಗಿತ್ತು. ಆಯುರ್ವೇದ ಇದನ್ನು ಭ್ರಮ ಎಂದು ಕರೆದು, ಚರಕಸಂಹಿತೆಯಲ್ಲಿ ಎಂಬತ್ತು ವಾತವಿಕಾರಗಳ ಸಾಲಿಗೆ ಸೇರಿಸಿದೆ. ಮಾಧವನಿದಾನವು ಅದನ್ನು ಮೂರ್ಛೆ, ತಂದ್ರೆಗಳ ಜತೆಗಿಟ್ಟು, ವಾತ ಪಿತ್ತಗಳೊಂದಿಗೆ ರಜೋಗುಣವೂ ಕೂಡಿದಾಗ ಹುಟ್ಟುವುದೆಂದು ವಿವರಿಸುತ್ತದೆ. ಯುನಾನಿ ಹಕೀಮರೂ ತಮ್ಮ ಶಾಸ್ತ್ರದ ದುವಾರ್ ಎಂಬ ರೋಗವನ್ನು ದೇಹರಸಗಳ ಏರುಪೇರಿನಿಂದಲೇ ಅರ್ಥಮಾಡಿಕೊಂಡರು. ಕನ್ನಡದ ಮನೆಗಳಲ್ಲಿ ಪಿತ್ತ ನೆತ್ತಿಗೇರಿತು ಎನ್ನುತ್ತ ಕೊತ್ತಂಬರಿ ಬೀಜ, ಜೀರಿಗೆ, ಶುಂಠಿಯ ಕಷಾಯ ಕುಡಿಸಿ, ಕತ್ತಲ ಕೋಣೆಯಲ್ಲಿ ಮಲಗಿಸುವ ರೂಢಿಯ ಬೇರೂ ಇಲ್ಲಿಯೇ ಇದೆ. ಈ ನಂಬಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ತಲೆಸುತ್ತು ಜೋರಾದಾಗ ರೋಗಿ ಮತ್ತೆ ಮತ್ತೆ ವಾಂತಿ ಮಾಡುತ್ತಾನೆ, ಹೊಟ್ಟೆ ಬರಿದಾದ ಮೇಲೆ ಹಳದಿ ಬಣ್ಣದ ಪಿತ್ತರಸವೇ ಹೊರಬರುತ್ತದೆ, ಅದು ನಿಂತಾಗ ಸುತ್ತೂ ಇಳಿದಿರುತ್ತದೆ. ಕಣ್ಣೆದುರಿನ ಈ ಪುರಾವೆಯನ್ನು ಬಿಟ್ಟು ಕಿವಿಯ ಒಳಗೆ ಕಾರಣ ಹುಡುಕಬೇಕೆಂದು ಯಾರಿಗಾದರೂ ಹೊಳೆಯುವ ಸಂಭವ ಕಡಿಮೆಯೇ.

ಸೇನೆಯ ಡಾಕ್ಟರರ ತಿಳಿವಳಿಕೆಯೂ ಆ ಕಾಲಕ್ಕೆ ಹೆಚ್ಚು ಮುಂದಿರಲಿಲ್ಲ. 19ನೇ ಶತಮಾನದ ಮೊದಲರ್ಧದ ಯುರೋಪಿನ ವೈದ್ಯಕೀಯವು ಹಠಾತ್ ತಲೆಸುತ್ತನ್ನು ಮಿದುಳಿಗೆ ರಕ್ತ ನುಗ್ಗಿದ್ದರ ಫಲವೆಂದು, ಲಕ್ವದ ಮುನ್ಸೂಚನೆಯೆಂದು ಭಾವಿಸಿ, ರಕ್ತ ತೆಗೆಯುವುದು, ಜಿಗಣೆ ಹಚ್ಚುವುದು, ಭೇದಿಯ ಔಷಧ ಕೊಡುವುದು ಇಂಥ ಉಪಾಯಗಳನ್ನೇ ಅನುಸರಿಸುತ್ತಿತ್ತು. ಉಷ್ಣದೇಶದ ದಂಡುಗಳಲ್ಲಿ ಇದಕ್ಕೆ ಬಿಸಿಲು ಮತ್ತು ಯಕೃತ್ತಿನ ದೋಷ ಎಂಬ ಎರಡು ಕಾರಣಗಳು ಹೆಚ್ಚಿಗೆ ಸೇರಿದವು. ವಿಪರ್ಯಾಸವೆಂದರೆ, ದಂಡಿನವರು ಮಲೇರಿಯಾಕ್ಕೆ ನುಂಗುತ್ತಿದ್ದ ಕ್ವಿನೈನ್ ತಾನೇ ತಲೆಸುತ್ತಿಗೆ ಕಾರಣವಾಗುತ್ತಿತ್ತು. 1820ರಲ್ಲಿ ಸಿಂಕೋನಾ ತೊಗಟೆಯಿಂದ ಬೇರ್ಪಡಿಸಿದ ಈ ಔಷಧದ ಪ್ರಮಾಣ ಹೆಚ್ಚಾದರೆ ಕಿವಿಯಲ್ಲಿ ಮೊರೆತ, ಮಂದಕಿವುಡು, ವಾಕರಿಕೆ, ತಲೆತಿರುಗು ಒಟ್ಟಿಗೆ ಕಾಣಿಸುತ್ತವೆ, ಔಷಧ ನಿಲ್ಲಿಸಿದರೆ ಸಾಮಾನ್ಯವಾಗಿ ಇಳಿಯುತ್ತವೆ. ಕಿವಿಗೂ ತಲೆಸುತ್ತಿಗೂ ಇರುವ ನಂಟಿನ ಸುಳಿವು ಪ್ರತಿ ಬ್ಯಾರಕ್ಕಿನಲ್ಲಿಯೂ ಇದ್ದಿತೆಂದಾಯಿತು. ಆದರೆ ಅದನ್ನು ಓದುವ ಸೂತ್ರ ಸಿಕ್ಕಿದ್ದು ಪ್ಯಾರಿಸ್ಸಿನಲ್ಲಿ.

ಅಲ್ಲಿ ಪಿಯೆರ್ ಫ್ಲೂರಾನ್ಸ್ 1820ರ ದಶಕದಲ್ಲಿ ಪಾರಿವಾಳಗಳ ಒಳಕಿವಿಯ ಅರ್ಧವೃತ್ತ ನಾಳಗಳನ್ನು ಕತ್ತರಿಸಿದಾಗ, ಅವು ಕಿವುಡಾಗುವ ಬದಲು ಕತ್ತರಿಸಿದ ನಾಳದ ದಿಕ್ಕಿನಲ್ಲಿ ತಲೆಯನ್ನು ತಿರುಗಿಸತೊಡಗಿದ್ದವು. 1861ರಲ್ಲಿ ಮೂಗರ ಮತ್ತು ಕಿವುಡರ ಸಂಸ್ಥೆಯ ವೈದ್ಯ ಪ್ರಾಸ್ಪೆರ್ ಮೆನಿಯೇರ್ ಈ ಪ್ರಯೋಗವನ್ನು ನೆನಪಿಸಿಕೊಂಡು, ಮೊರೆತ ಮತ್ತು ಕಿವುಡಿನೊಂದಿಗೆ ಬರುವ ತಲೆಸುತ್ತು ಮಿದುಳಿನದಲ್ಲ, ಒಳಕಿವಿಯದು ಎಂದು ವೈದ್ಯ ಅಕಾಡೆಮಿಯ ಮುಂದೆ ವಾದಿಸಿದನು. ಒಂದಕ್ಕೊಂದು ಲಂಬವಾಗಿ ಕೂತ, ದ್ರವ ತುಂಬಿದ ಈ ಮೂರು ನಾಳಗಳು ತಲೆಯ ತಿರುಗುವಿಕೆಯನ್ನು ಅಳೆದು ಮಿದುಳಿಗೆ ತಿಳಿಸುತ್ತವೆ. ಬಲ ಎಡ ಕಿವಿಗಳ ವರದಿಗಳು ತಾಳೆಯಾಗದಿದ್ದರೆ, ತಲೆ ಅಲುಗದೆಯೇ ಇದ್ದರೂ ತಿರುಗುತ್ತಿದೆ ಎಂದು ಮಿದುಳು ತೀರ್ಮಾನಿಸುತ್ತದೆ. ವಿಯೆನ್ನಾದ ರಾಬರ್ಟ್ ಬಾರಾನಿ ಇದನ್ನು ಹಾಸಿಗೆಯ ಪಕ್ಕದಲ್ಲೇ ಮಾಡಬಹುದಾದ ಪರೀಕ್ಷೆಗೆ ಇಳಿಸಿದನು. ಕಿವಿಗೆ ದೇಹದ ಶಾಖಕ್ಕಿಂತ ಬಿಸಿಯಾದ ನೀರು ಬಿಟ್ಟರೆ ಕಣ್ಣುಗುಡ್ಡೆಗಳು ಅದೇ ಕಿವಿಯ ಕಡೆಗೆ, ತಣ್ಣೀರು ಬಿಟ್ಟರೆ ಎದುರು ಕಡೆಗೆ ತಟ್ಟತಟ್ಟನೆ ಜಿಗಿಯುತ್ತವೆ, ನಾಳ ಸತ್ತಿದ್ದರೆ ಏನೂ ಆಗುವುದಿಲ್ಲ. 1914ರ ನೊಬೆಲ್ ಬಹುಮಾನ ಘೋಷಣೆಯಾದಾಗ ಬಾರಾನಿ ರಷ್ಯದವರ ಯುದ್ಧಕೈದಿಯಾಗಿದ್ದನು.

ಕಾರಣ ತಿಳಿದರೂ ಚಿಕಿತ್ಸೆ ಬದಲಾಗಲಿಲ್ಲ. ಅಲುಗಾಡದೆ ಮಲಗುವುದೇ ಮದ್ದು ಎಂಬ ನಿಲುವನ್ನು ಮುರಿದದ್ದು ಎರಡನೇ ಮಹಾಯುದ್ಧ. 1940ರ ದಶಕದಲ್ಲಿ ಇಂಗ್ಲೆಂಡಿನ ಟೆರೆನ್ಸ್ ಕಾಥಾರ್ನ್ ಎಂಬ ಕಿವಿಯ ಶಸ್ತ್ರವೈದ್ಯನೂ ಎಫ್. ಎಸ್. ಕುಕ್ಸಿ ಎಂಬ ಪುನರ್ವಸತಿ ವೈದ್ಯನೂ, ತಲೆಗೆ ಪೆಟ್ಟುಬಿದ್ದು ಸಮತೋಲ ಕಳೆದುಕೊಂಡವರಲ್ಲಿ ತಲೆಯನ್ನು ಬೇಗನೆ ಅಲುಗಾಡಿಸತೊಡಗಿದವರು ಬೇಗನೆ ಚೇತರಿಸಿಕೊಳ್ಳುವುದನ್ನು ಗಮನಿಸಿ, ಸುತ್ತು ಬರಿಸುವ ಚಲನೆಗಳನ್ನೇ ಕ್ರಮವಾಗಿ ಮಾಡಿಸುವ ವ್ಯಾಯಾಮಮಾಲೆಯನ್ನು ರೂಪಿಸಿದರು. ಮೊದಲು ಮಲಗಿದಲ್ಲೇ ಕಣ್ಣುಗಳನ್ನು ಮೇಲೆ ಕೆಳಗೆ, ಅತ್ತ ಇತ್ತ ಹೊರಳಿಸುವುದು. ಬಳಿಕ ತಲೆಯನ್ನು ನಿಧಾನವಾಗಿ, ಆಮೇಲೆ ಬೇಗ ಬೇಗ, ಕೊನೆಗೆ ಕಣ್ಣು ಮುಚ್ಚಿ ತಿರುಗಿಸುವುದು. ಕೂತು ಬಗ್ಗಿ ನೆಲದ ಮೇಲಿನ ವಸ್ತು ಎತ್ತುವುದು. ನಿಂತು ಕಣ್ಣಿನ ಮಟ್ಟಕ್ಕಿಂತ ಮೇಲೆ ಚೆಂಡನ್ನು ಕೈಯಿಂದ ಕೈಗೆ ಎಸೆಯುವುದು. ಕೊನೆಯ ಹಂತದಲ್ಲಿ, ನಡುವೆ ನಿಂತವನೊಬ್ಬ ಎಸೆಯುವ ಚೆಂಡನ್ನು ಅವನ ಸುತ್ತ ನಡೆಯುತ್ತಲೇ ಹಿಡಿದು ಹಿಂದಿರುಗಿಸುವುದು. ಕೆಟ್ಟ ಕಿವಿ ಇದರಿಂದ ಸರಿಹೋಗುವುದಿಲ್ಲ. ಮಿದುಳು ಅದರ ತಪ್ಪು ವರದಿಯನ್ನು ಲೆಕ್ಕದಿಂದ ಕಳೆದು, ಕಣ್ಣು, ಪಾದ ಮತ್ತು ಕತ್ತಿನ ಸ್ನಾಯುಗಳ ಸುದ್ದಿಯನ್ನು ಹೆಚ್ಚು ನಂಬುವುದನ್ನು ಕಲಿಯುತ್ತದೆ. ಈ ಕಲಿಕೆಗೆ ಚಲನೆ ಬೇಕೇ ಬೇಕು. ತಲೆಸುತ್ತಿನ ಚಿಕಿತ್ಸೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ.

ಪುನರ್ವಸತಿಯೂ ಚಿಕಿತ್ಸೆಯ ಭಾಗವೇ ಎಂಬ ಈ ವಿಚಾರಕ್ಕೆ ಪುಣೆಯ ದಂಡುಪ್ರದೇಶದಲ್ಲಿಯೂ ಅದೇ ವರ್ಷಗಳಲ್ಲಿ ಜಾಗ ದೊರೆಯಿತು. 1944ರಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗಾಗಿ ಕೃತಕ ಅಂಗ ಕೇಂದ್ರ ತೆರೆಯಿತು. 1948ರ ಮೇ 1ರಂದು, ಯುದ್ಧಕಾಲದ ಹಲವು ತರಬೇತಿ ಘಟಕಗಳನ್ನು ಒಗ್ಗೂಡಿಸಿ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜನ್ನು ಸೋಲಾಪುರ ರಸ್ತೆಯಲ್ಲಿ ಸ್ಥಾಪಿಸಲಾಯಿತು, 1962ರಲ್ಲಿ ಪದವಿ ತರಗತಿಗಳೂ ಆರಂಭವಾದವು. ಕೃತಕ ಕಾಲಿನ ಮೇಲೆ ನಿಲ್ಲಲು ಕಲಿಯುವವನ ಮತ್ತು ಒಂದು ಒಳಕಿವಿ ಇಲ್ಲದೆ ನಡೆಯಲು ಕಲಿಯುವವನ ಪಾಠ ಒಂದೇ ಬಗೆಯದು ಎಂಬುದನ್ನು ಇಲ್ಲಿ ನೆನೆಯಬಹುದು.

ಪುಣೆಯ ಪಾಲಿಗೆ ಈ ಕಥೆಯ ಕಹಿ ಅಧ್ಯಾಯ ಬಂದದ್ದು ಕ್ಷಯದ ಔಷಧದೊಂದಿಗೆ. 1943ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದ ಸ್ಟ್ರೆಪ್ಟೊಮೈಸಿನ್ ಕ್ಷಯರೋಗಿಗಳ ಜೀವ ಉಳಿಸಿತು, ಆದರೆ ಕೆಲವರ ಎರಡೂ ಒಳಕಿವಿಗಳ ಸಮತೋಲ ಅಂಗವನ್ನು ಶಾಶ್ವತವಾಗಿ ಕೆಡಿಸಿತು. ಪುಣೆಯ ಪಕ್ಕದ ಪಿಂಪ್ರಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಕಾರ್ಖಾನೆ ಮೊದಲು ಪೆನಿಸಿಲಿನ್ನನ್ನು, 1960ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ನನ್ನೂ ತಯಾರಿಸಿತು. ಈ ಔಷಧದಿಂದ ಸಮತೋಲ ಕಳೆದುಕೊಂಡ ಅಮೆರಿಕದ ವೈದ್ಯನೊಬ್ಬ 1952ರಲ್ಲಿ ಹೆಸರಿನ ಮೊದಲಕ್ಷರಗಳನ್ನಷ್ಟೇ ಹಾಕಿ ಬರೆದ ಲೇಖನ ಈ ವಿಷಯದ ಶ್ರೇಷ್ಠ ದಾಖಲೆ. ಹಾಸಿಗೆಯಲ್ಲಿ ಓದಲು ಕೂತರೆ ನಾಡಿಯ ಮಿಡಿತದಿಂದಲೇ ತಲೆ ಅಲುಗಿ ಅಕ್ಷರಗಳು ಕುಣಿಯುತ್ತಿದ್ದವು, ಮಂಚದ ತಲೆಭಾಗದ ಕಂಬಿಗಳ ನಡುವೆ ತಲೆಯನ್ನು ಸಿಕ್ಕಿಸಿಕೊಂಡರೆ ಮಾತ್ರ ಸಾಲು ನಿಲ್ಲುತ್ತಿತ್ತು. ಕಾಲಕ್ರಮೇಣ ಆತ ನಡೆಯಲು ಕಲಿತದ್ದು ಕಣ್ಣಿನ ಬಲದಿಂದ. ಇಂಥ ರೋಗಿಗಳಿಗೆ ಕತ್ತಲೆಯೂ ಮೆತ್ತನೆಯ ನೆಲವೂ ಶತ್ರುಗಳು. ರಾತ್ರಿ ದೀಪ ಉರಿಸಿಡಬೇಕೆಂಬ ಸಣ್ಣ ಸಲಹೆ ಅವರ ಪಾಲಿಗೆ ಔಷಧಕ್ಕಿಂತ ದೊಡ್ಡದು.

ಸಮತೋಲವನ್ನು ಅಭ್ಯಾಸದಿಂದ ಗಳಿಸಬಹುದೆಂಬ ಮಾತನ್ನು ಪುಣೆಯಲ್ಲಿ ಬೇರೊಂದು ದಾರಿಯಿಂದ ಸಾರಿದವರು ಕನ್ನಡ ನಾಡಿನವರೇ ಆದ ಬಿ. ಕೆ. ಎಸ್. ಅಯ್ಯಂಗಾರ್. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಯೋಗ ಕಲಿತು, 1937ರಲ್ಲಿ ಪುಣೆಗೆ ಬಂದ ಅವರು ಗೋಡೆ, ಹಗ್ಗ, ಕುರ್ಚಿ, ಮರದ ಇಟ್ಟಿಗೆಗಳ ಆಸರೆಯಿಂದ ದುರ್ಬಲರನ್ನೂ ನಿಲ್ಲಿಸುವ ಪದ್ಧತಿಯನ್ನು ಬೆಳೆಸಿದರು. ಇದನ್ನು ತಲೆಸುತ್ತಿನ ಚಿಕಿತ್ಸೆಯೆಂದು ಕರೆಯುವುದು ಅತಿಯಾದೀತು; ಆದರೆ ಬೀಳುವ ಭಯ ಕಳೆಯುವುದು ಚೇತರಿಕೆಯ ಅರ್ಧ ಭಾಗವೆಂಬುದು ಈ ಪದ್ಧತಿಗೂ ಕಾಥಾರ್ನ್-ಕುಕ್ಸಿ ವ್ಯಾಯಾಮಕ್ಕೂ ಸಮಾನ.

ಚಲನೆಯಿಂದಲೇ ಒಗ್ಗಿಸುವ ಈ ತತ್ವ ಭಾರತದಲ್ಲಿ ಅತ್ಯಂತ ಶಿಸ್ತಿನಿಂದ ಬಳಕೆಯಾದದ್ದು ಬೆಂಗಳೂರಿನ ವಿಮಾನಪುರದಲ್ಲಿ. 1957ರಲ್ಲಿ ವಾಯುಪಡೆ ಆರಂಭಿಸಿದ, ಇಂದು ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಎನಿಸಿಕೊಂಡ ಕೇಂದ್ರದಲ್ಲಿ, ಹಾರಾಟದಲ್ಲಿ ವಾಂತಿಯಾಗುವ ತರಬೇತಿ ಪೈಲಟ್‌ಗಳನ್ನು ತಿರುಗುಕುರ್ಚಿಯಲ್ಲಿ ಕೂರಿಸಿ, ವೇಗವನ್ನು ಹಂತಹಂತವಾಗಿ ಏರಿಸಿ ಒಗ್ಗಿಸುತ್ತಾರೆ. 1984ರಲ್ಲಿ ಗಗನಯಾತ್ರಿ ರಾಕೇಶ್ ಶರ್ಮಾ ಸಲ್ಯೂತ್ 7 ಬಾಹ್ಯಾಕಾಶ ನಿಲ್ದಾಣದಲ್ಲಿ ಯೋಗಾಭ್ಯಾಸದ ಪ್ರಯೋಗ ನಡೆಸಿದ್ದೂ ತೂಕವಿಲ್ಲದ ಸ್ಥಿತಿಗೆ ದೇಹವನ್ನು ಒಗ್ಗಿಸುವ ಪ್ರಯತ್ನವೇ. 2019ರಲ್ಲಿ ಗಗನಯಾನದ ಅಭ್ಯರ್ಥಿಗಳ ಮೊದಲ ವೈದ್ಯಕೀಯ ಆಯ್ಕೆ ನಡೆದದ್ದು ಇದೇ ಸಂಸ್ಥೆಯಲ್ಲಿ.

ಆದರೆ ಸಾಮಾನ್ಯ ರೋಗಿಯ ಪಾಲಿಗೆ ಎಲ್ಲಕ್ಕಿಂತ ಉಪಯುಕ್ತವಾದ ಶೋಧ ಇನ್ನೂ ಸರಳವಾದದ್ದು. ಒಳಕಿವಿಯ ಕೋಶವೊಂದರಲ್ಲಿ ಅಂಟಿಕೊಂಡಿರುವ ಸುಣ್ಣದ ಸೂಕ್ಷ್ಮ ಹರಳುಗಳು ಸಡಿಲಗೊಂಡು ಅರ್ಧವೃತ್ತ ನಾಳಕ್ಕೆ ಜಾರಿದರೆ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಅಥವಾ ಅಟ್ಟದ ಕಡೆ ತಲೆಯೆತ್ತಿದಾಗ ಕೆಲವು ಸೆಕೆಂಡುಗಳ ಕಾಲ ಜಗತ್ತು ಗಿರ್ರನೆ ತಿರುಗುತ್ತದೆ. 1952ರಲ್ಲಿ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ ಇದನ್ನು ಪತ್ತೆಹಚ್ಚುವ ಪರೀಕ್ಷೆಯನ್ನು ವಿವರಿಸಿದರು: ರೋಗಿಯ ತಲೆಯನ್ನು 45 ಡಿಗ್ರಿ ಪಕ್ಕಕ್ಕೆ ತಿರುಗಿಸಿ, ತಟ್ಟನೆ ಹಿಂದಕ್ಕೆ ಮಲಗಿಸಿ, ತಲೆ ಮಂಚದ ಅಂಚಿನಿಂದ ಕೊಂಚ ಕೆಳಗಿಳಿದಿರುವಂತೆ ಹಿಡಿದು ಕಣ್ಣಿನ ಚಲನೆ ನೋಡುವುದು. ಅಮೆರಿಕದ ಜಾನ್ ಎಪ್ಲಿ 1980ರಲ್ಲಿ ಮಂಡಿಸಿ 1992ರಲ್ಲಿ ವಿವರವಾಗಿ ಪ್ರಕಟಿಸಿದ ಚಿಕಿತ್ಸೆ ಇದರದೇ ಮುಂದುವರಿಕೆ. ಅದೇ ಭಂಗಿಯಿಂದ ತಲೆಯನ್ನು ಎದುರು ಪಕ್ಕಕ್ಕೆ, ಬಳಿಕ ಮೈಯೊಂದಿಗೆ ಮುಖ ನೆಲದ ಕಡೆ ಬರುವಂತೆ ತಿರುಗಿಸಿ, ಪ್ರತಿ ಭಂಗಿಯಲ್ಲಿ ಸುತ್ತು ನಿಲ್ಲುವವರೆಗೆ ಕಾದು, ಕೊನೆಗೆ ಎಬ್ಬಿಸಿ ಕೂರಿಸಿದರೆ ಹರಳು ತಾನು ಹೊರಟ ಕೋಶಕ್ಕೆ ಮರಳುತ್ತದೆ. ಐದು ನಿಮಿಷದ ಕೆಲಸ, ಬೇಕಾದದ್ದು ಒಂದು ಮಂಚ.

ಇಷ್ಟಾದರೂ ಕ್ಯಾಂಪಿನಲ್ಲಾಗಲಿ ಕರ್ನಾಟಕದಲ್ಲಾಗಲಿ ತಲೆಸುತ್ತು ಎಂದವನ ಕೈಗೆ ಮೊದಲು ಬರುವುದು ಮಾತ್ರೆಯ ಚೀಟಿ. ಪ್ರೋಕ್ಲೋರ್‌ಪೆರಾಜಿನ್, ಸಿನ್ನರಿಜಿನ್‌ಗಳು ಸುತ್ತು ಜೋರಾಗಿರುವ ಮೊದಲ ಎರಡು ಮೂರು ದಿನ ವಾಂತಿ ತಗ್ಗಿಸಿ ನೆರವಾಗುತ್ತವೆ. ತಿಂಗಳುಗಟ್ಟಲೆ ನುಂಗಿದರೆ ಮಿದುಳಿನ ಕಲಿಕೆಯನ್ನು ನಿಧಾನಗೊಳಿಸುತ್ತವೆ, ವಯಸ್ಸಾದವರಲ್ಲಿ ಕೈನಡುಕವನ್ನೂ ತರಬಲ್ಲವು. ಆದ್ದರಿಂದ ಮಗ್ಗುಲು ಬದಲಿಸಿದಾಗ ಮಾತ್ರ ಸುತ್ತು ಬರುವವರು ಮಾತ್ರೆ ಮುಂದುವರಿಸುವ ಮೊದಲು, ಮಲಗಿಸಿ ನೋಡುವ ಈ ಪರೀಕ್ಷೆ ಮಾಡುವಂತೆ ವೈದ್ಯರನ್ನು ಕೇಳಬೇಕು. ತಲೆಸುತ್ತಿನೊಂದಿಗೆ ಮಾತು ತೊದಲಿದರೆ, ವಸ್ತು ಎರಡಾಗಿ ಕಂಡರೆ, ಮುಖ ಅಥವಾ ಕೈಕಾಲು ಸೋತರೆ, ನಿಲ್ಲಲೇ ಆಗದಿದ್ದರೆ ಪಿತ್ತವೆಂದು ಕಷಾಯ ಕಾಯಿಸುತ್ತ ಕೂರದೆ ತಕ್ಷಣ ಆಸ್ಪತ್ರೆ ಸೇರಬೇಕು.