‘ಹೌಸ್‌ಫುಲ್’ ಆದ ಮೇಲೂ ಒಂದು ಜಾಗ

ಚಿತ್ರಮಂದಿರದ ಗೇಟಿಗೆ ‘ಹೌಸ್‌ಫುಲ್’ ಬೋರ್ಡು ಬಿದ್ದ ಮೇಲೂ ಹತ್ತಾರು ಮಂದಿ ಅಲ್ಲೇ ನಿಂತಿರುತ್ತಾರೆ. ಅವರಲ್ಲಿ ಒಬ್ಬಿಬ್ಬರು ಕೊನೆಯ ಗಳಿಗೆಯಲ್ಲಿ ಒಳಗೆ ಹೋಗುವುದೂ ಉಂಟು. ತುಂಬಿದ ಮನೆಯಲ್ಲಿ ಅವರಿಗೆ ಜಾಗ ಎಲ್ಲಿಂದ ಬಂತು? ಚಿತ್ರೋತ್ಸವಗಳ ಸರದಿ ಸಾಲಿನಲ್ಲಿ ಪ್ರತಿ ವರ್ಷ ಏಳುವ ಈ ಪ್ರಶ್ನೆಗೆ ನೂರು ವರ್ಷಗಳಿಗೂ ಮೀರಿದ ಹಿನ್ನೆಲೆಯಿದೆ. ಅದನ್ನು ಬಳ್ಳಾರಿ ಸೀಮೆಯಿಂದಲೇ ನೋಡಬಹುದು.

ಇಲ್ಲಿನ ಬಯಲಾಟಕ್ಕೆ ‘ಹೌಸ್‌ಫುಲ್’ ಎಂಬ ಮಾತೇ ಇರಲಿಲ್ಲ. ಸುಗ್ಗಿ ಮುಗಿದ ಮೇಲೆ ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಅಟ್ಟ ಕಟ್ಟಿ ಬೆಳತನಕ ಆಟ ಆಡುತ್ತಿದ್ದರು. ಬೇಗ ಬಂದವರು ಮುಂದೆ ಚಾಪೆ ಹಾಸುತ್ತಿದ್ದರು. ತಡವಾಗಿ ಬಂದವರು ಬಂಡಿಯ ಮೇಲೋ ಕಟ್ಟೆಯ ಮೇಲೋ ಕೂರುತ್ತಿದ್ದರು. ನೋಟ ಸ್ವಲ್ಪ ದೂರವಾಗುತ್ತಿತ್ತೇ ಹೊರತು ಯಾರೂ ವಾಪಸು ಹೋಗಬೇಕಿರಲಿಲ್ಲ.

ಪೇಟೆಯ ನಾಟಕ ಈ ಲೆಕ್ಕವನ್ನು ಬದಲಿಸಿತು. ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯಲ್ಲಿ ಧರ್ಮಾವರಂ ಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭಾ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭಾ ಹುಟ್ಟಿಕೊಂಡವು. ವೃತ್ತಿಯಿಂದ ವಕೀಲರಾಗಿದ್ದ ಬಳ್ಳಾರಿ ರಾಘವ (1880–1946) ಬೆಳೆದದ್ದು ಈ ವಾತಾವರಣದಲ್ಲೇ. ಅವರ ಹೆಸರಿನ ರಂಗಮಂದಿರ ನಗರದಲ್ಲಿ ಇಂದಿಗೂ ಇದೆ. ಗೋಡೆಯ ಒಳಗೆ ನಾಟಕ ಬಂದಾಗ ಅದಕ್ಕೊಂದು ಬಾಗಿಲು ಬಂತು. ಬಾಗಿಲು ಬಂದ ಮೇಲೆ ಒಳಗಿನವರು, ಹೊರಗಿನವರು ಎಂಬ ಎರಡು ಗುಂಪುಗಳಾದವು.

ಸಿನಿಮಾ ಬಂದಾಗ ಬಯಲೂ ಬಾಗಿಲೂ ಬೆರೆತವು. 1905ರಲ್ಲಿ ಸಾಮಿಕಣ್ಣು ವಿನ್ಸೆಂಟ್ ಡೇರೆಯೊಂದಿಗೆ ದಕ್ಷಿಣ ಭಾರತದಲ್ಲಿ ಚಿತ್ರ ತೋರಿಸುತ್ತಾ ಸುತ್ತಿದ್ದರು. ಮುಂದೆ ಟೂರಿಂಗ್ ಟಾಕೀಸುಗಳು ಸಣ್ಣ ಊರುಗಳ ಸಂಜೆಯನ್ನು ಆಳಿದವು. ಅಲ್ಲಿದ್ದದ್ದು ಮೂರು ದರ್ಜೆ: ನೆಲ, ಬೆಂಚು, ಕುರ್ಚಿ. ಕುರ್ಚಿಯನ್ನು ಎಣಿಸಬಹುದು. ಆದರೆ ‘ಗಾಂಧಿ ಕ್ಲಾಸ್’ ಎನಿಸಿಕೊಂಡ ನೆಲದಲ್ಲಿ ಎಷ್ಟು ಜನ ಹಿಡಿಸುತ್ತಾರೆ ಎಂಬುದು ಅವರು ಮೊಣಕಾಲು ಎಷ್ಟು ಮಡಚುತ್ತಾರೆ ಎಂಬುದರ ಮೇಲೆ ನಿಂತಿತ್ತು. ‘ಒಂಚೂರು ಸರೀರಿ’ ಎಂದರೆ ಸಾಕು, ಕೊನೆಗೆ ಬಂದವನಿಗೂ ಜಾಗವಾಗುತ್ತಿತ್ತು.

ಈ ಉದಾರತೆಗೆ ಇನ್ನೊಂದು ಮುಖವೂ ಇದೆ. ಅಂದಿನ ನೈಟ್ರೇಟ್ ಫಿಲ್ಮು ಥಟ್ಟನೆ ಹೊತ್ತಿಕೊಳ್ಳುವ ವಸ್ತು. 1918ರ ಸಿನಿಮಾಟೋಗ್ರಾಫ್ ಕಾಯ್ದೆ ಪ್ರದರ್ಶನದ ಸ್ಥಳಕ್ಕೆ ಪರವಾನಗಿ ಕಡ್ಡಾಯ ಮಾಡಿದ್ದರ ಹಿಂದೆ ಪ್ರೇಕ್ಷಕರ ಸುರಕ್ಷತೆಯ ಕಾಳಜಿಯೂ ಇತ್ತು. ಆ ಕಾಳಜಿ ಸುಳ್ಳಾಗಿರಲಿಲ್ಲ. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಮಂದಿ ಸತ್ತರು. ಅವರಲ್ಲಿ ಬಹುಪಾಲು ಮಕ್ಕಳು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದ ದುರಂತದಲ್ಲಿ 59 ಜನ ತೀರಿಕೊಂಡರು. ಬಾಲ್ಕನಿಯಲ್ಲಿ ಹೆಚ್ಚುವರಿ ಆಸನ ಹಾಕಿ ಹೊರಹೋಗುವ ದಾರಿಯನ್ನು ಅಡ್ಡಗಟ್ಟಿದ್ದು ಆಮೇಲೆ ಬಯಲಾಯಿತು. ಇನ್ನೊಂದು ಕುರ್ಚಿ ಹಾಕಿಬಿಡಿ ಎನ್ನುವವರು ಇದನ್ನು ನೆನಪಿಡಬೇಕು.

ಹೀಗೆ ಆಸನಕ್ಕೆ ನಂಬರು ಬಂತು, ‘ಹೌಸ್‌ಫುಲ್’ ಎಂಬುದಕ್ಕೆ ನಿಖರ ಅರ್ಥ ಬಂತು. ಅದರ ಹಿಂದೆಯೇ ಬ್ಲಾಕ್ ಟಿಕೆಟ್ಟೂ ಬಂತು. ನೆಲದಲ್ಲಿ ಸರಿದು ಕೂತರೆ ಸಿಗುತ್ತಿದ್ದ ಕೊನೆಯ ಜಾಗ ಈಗ ದುಡ್ಡಿದ್ದವರ ಪಾಲಾಯಿತು.

ಇನ್ನು ಚಿತ್ರೋತ್ಸವ. ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ 1952ರಲ್ಲಿ ಮುಂಬೈಯಲ್ಲಿ ಆರಂಭವಾಗಿ ಇತರ ಮಹಾನಗರಗಳಿಗೂ ಹೋಯಿತು. 1980ರಲ್ಲಿ ‘ಫಿಲ್ಮೋತ್ಸವ’, 1992ರಲ್ಲಿ ಅಂತರರಾಷ್ಟ್ರೀಯ ಉತ್ಸವ ಬೆಂಗಳೂರಿಗೆ ಬಂದವು. ಬೆಂಗಳೂರಿನ ಸ್ವಂತ ಅಂತರರಾಷ್ಟ್ರೀಯ ಚಿತ್ರೋತ್ಸವ ಆರಂಭವಾದದ್ದು 2006ರಲ್ಲಿ. ಮಾಮೂಲಿ ಸಿನಿಮಾ ಇಂದು ತಪ್ಪಿದರೆ ನಾಳೆ ಸಿಗುತ್ತದೆ. ಉತ್ಸವದ ಚಿತ್ರಕ್ಕೆ ಒಂದೋ ಎರಡೋ ಪ್ರದರ್ಶನ ಮಾತ್ರ. ನೂಕುನುಗ್ಗಲಿಗೆ ಕಾರಣ ಇದೇ.

ಬೆಂಗಳೂರಿನ ಉತ್ಸವದಲ್ಲಿ ನಡೆದುಬಂದ ಪದ್ಧತಿಯಲ್ಲಿ ಪಾಸು ಇದ್ದರೆ ಆಸನ ಸಿಕ್ಕಂತೆ ಅಲ್ಲ, ಸಾಲಿನಲ್ಲಿ ನಿಲ್ಲುವ ಹಕ್ಕು ಸಿಕ್ಕಂತೆ. ಮೊದಲು ಬಂದವರಿಗೆ ಮೊದಲ ಆದ್ಯತೆ. ಒಂದರ್ಥದಲ್ಲಿ ಇದು ನೆಲದ ಕ್ಲಾಸಿನ ನ್ಯಾಯವೇ. ಕೇರಳದ ಉತ್ಸವದಲ್ಲಿ ಮುಂಗಡ ಕಾಯ್ದಿರಿಸಿಕೊಳ್ಳುವ ವ್ಯವಸ್ಥೆ ಬಂದಿದೆ. ಕಾಯ್ದಿರಿಸಿದವರು ಬಾರದಿದ್ದರೆ ಖಾಲಿ ಆಸನ ಸಾಲಿನಲ್ಲಿದ್ದವರಿಗೆ ಹೋಗುತ್ತದೆ. 1976ರಲ್ಲಿ ಆರಂಭವಾದ ಟೊರೊಂಟೊ ಉತ್ಸವದಲ್ಲೂ ಟಿಕೆಟ್ಟು ಮುಗಿದ ಚಿತ್ರಕ್ಕೆ ಬೇರೆಯೇ ಒಂದು ಸಾಲು ಇರುತ್ತದೆ. ಕೊನೆಯಲ್ಲಿ ಉಳಿದ ಆಸನಗಳನ್ನು ಆ ಸಾಲಿಗೆ ಮಾರುತ್ತಾರೆ.

ಅಂದರೆ ಕೊನೆಯ ಗಳಿಗೆಯ ಆಸನ ಪವಾಡವಲ್ಲ, ಬೇರೊಬ್ಬರ ಗೈರುಹಾಜರಿ. ಹಿಂದಿನ ಚಿತ್ರ ತಡವಾಗಿ ಮುಗಿದವರು, ಊಟಕ್ಕೆ ಹೋದವರು, ಬಾರದ ಅತಿಥಿಗಳು ಬಿಟ್ಟ ಜಾಗ ಅದು. ಇಂಥ ಜಾಗಗಳು ಅಲ್ಲೊಂದು ಇಲ್ಲೊಂದು ಬಿಡಿಬಿಡಿಯಾಗಿ ಸಿಗುವುದರಿಂದ ನಾಲ್ವರ ಗುಂಪಿಗಿಂತ ಒಬ್ಬರೇ ಇರುವವರಿಗೆ ಅವಕಾಶ ಹೆಚ್ಚು. ಬಹುಮಾನ ಪಡೆದ ಚಿತ್ರದ ಮೊದಲ ಪ್ರದರ್ಶನಕ್ಕಿಂತ ಎರಡನೆಯದಕ್ಕೆ ಹೋಗುವುದು ಜಾಣತನ.

ಆದರೆ ಸಾಲು ಎಲ್ಲರನ್ನೂ ಸಮಾನವಾಗಿ ಕಾಣುತ್ತದೆಯೇ? ಸಿರುಗುಪ್ಪದ ಸಿನಿಮಾಸಕ್ತ ಯುವತಿಯೊಬ್ಬಳನ್ನು ಊಹಿಸಿಕೊಳ್ಳಿ. ಬಸ್ಸಿನಲ್ಲಿ ಬಳ್ಳಾರಿಗೆ ಬಂದು, ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಕಳೆದು ಬೆಂಗಳೂರು ಸೇರುವಷ್ಟರಲ್ಲಿ ಅಲ್ಲಿಯವರೇ ಸಾಲಿನ ಮುಂದಿರುತ್ತಾರೆ. ಮೊದಲು ಬರುವುದು ಹತ್ತಿರವಿದ್ದವರಿಗೆ, ಬಿಡುವಿದ್ದವರಿಗೆ ಸುಲಭ. ದೂರದಿಂದ ಬರುವವರಿಗೆ ಕಾಯ್ದಿರಿಸಿದ ಆಸನವೇ ನ್ಯಾಯ. ಕಾಯ್ದಿರಿಸಿಯೂ ಬಾರದವರ ಆಸನ ಬಾಗಿಲಲ್ಲಿ ನಿಂತವರಿಗೆ ಸಿಗುವುದೂ ನ್ಯಾಯ. ಎರಡೂ ಬೇಕು.

ಮೂರನೆಯ ದಾರಿಯೂ ಇದೆ. ಜನ ಚಿತ್ರದ ಬಳಿಗೆ ಬರಲಾಗದಿದ್ದರೆ ಚಿತ್ರವೇ ಜನರ ಬಳಿಗೆ ಹೋಗಬಹುದು. ಕೆ.ವಿ. ಸುಬ್ಬಣ್ಣನವರ ನೀನಾಸಂ 1970ರ ದಶಕದಲ್ಲೇ ಹೆಗ್ಗೋಡಿನಂಥ ಹಳ್ಳಿಯಲ್ಲಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿತು. ಟೂರಿಂಗ್ ಟಾಕೀಸು ಒಂದು ಕಾಲಕ್ಕೆ ಮಾಡಿದ್ದೂ ಇದನ್ನೇ. ಉತ್ಸವದ ಹತ್ತು ಚಿತ್ರಗಳು ಅದು ಮುಗಿದ ಮೇಲೆ ಬಳ್ಳಾರಿಗೆ, ಅಲ್ಲಿಂದ ಸಿರುಗುಪ್ಪ, ಕುರುಗೋಡಿಗೆ ಬಂದರೆ ಬೆಂಗಳೂರಿನ ಸಾಲೂ ಅಷ್ಟರಮಟ್ಟಿಗೆ ಸಣ್ಣದಾದೀತು.